ಪೊಟ್ಟಣದ ಬೆನ್ನು ಓದುವುದು: ಅವಸರದವರಿಗೊಂದು ಕ್ರಮ

ಕಾಸರಗೋಡಿನ ಬದಿಯಡ್ಕದಲ್ಲಾಗಲಿ ಉಪ್ಪಳದಲ್ಲಾಗಲಿ, ಸೂಪರ್‌ಮಾರ್ಕೆಟ್ಟಿನ ಬಿಸ್ಕತ್ತಿನ ಸಾಲಿನ ಮುಂದೆ ಕೆಲವರು ಪೊಟ್ಟಣ ತಿರುಗಿಸಿ ನೋಡುತ್ತಾರೆ, ಕೆಲವರು ಸೀದಾ ಬುಟ್ಟಿಗೆ ಹಾಕುತ್ತಾರೆ. ಓದುಬರಹ ಇಬ್ಬರಿಗೂ ಒಂದೇ ಇರಬಹುದು. ರುಚಿ ಈಗಲೇ ಸಿಗುತ್ತದೆ, ಬಿಪಿ, ಶುಗರ್ ಬರುವುದು ವರ್ಷಗಳ ಮೇಲೆ. ಕಾಯುವ ಸ್ವಭಾವದವರಿಗೆ ಮಾತ್ರ ಸಣ್ಣಕ್ಷರ ಓದುವ ಶ್ರಮ ದಂಡ ಅನಿಸುವುದಿಲ್ಲ. ಸ್ವಭಾವ ತಿದ್ದುವುದು ಕಷ್ಟ. ಓದುವ ಹೊತ್ತು, ಜಾಗ ಬದಲಿಸುವುದು ಸುಲಭ.

ಹಾಗಾಗಿ ಮನೆಯಲ್ಲೇ ಶುರುಮಾಡಿ, ಅದೂ ಊಟವಾದ ಮೇಲೆ. ಹಸಿದ ಹೊಟ್ಟೆ ಲೇಬಲ್ ಓದಗೊಡುವುದಿಲ್ಲ. ಪ್ರತಿ ತಿಂಗಳೂ ತರುವ ಬಿಸ್ಕತ್ತು, ಮಿಕ್ಸ್ಚರ್, ಉಪ್ಪಿನಕಾಯಿ, ಹಾಲಿಗೆ ಬೆರೆಸುವ ಪುಡಿ ಇಷ್ಟನ್ನೇ ನೋಡಿ. ಯಾವುದು ಬೇಕು, ಯಾವುದು ಬೇಡ ಎಂದು ಕಂಪನಿಯ ಹೆಸರು ಸಹಿತ ಸಾಮಾನಿನ ಚೀಟಿಯಲ್ಲಿ ಬರೆದಿಟ್ಟರೆ ಅಂಗಡಿಯಲ್ಲಿ ತಾಳ್ಮೆಯ ಪರೀಕ್ಷೆಯೇ ಇಲ್ಲ.

ಮೊದಲು 100 ಗ್ರಾಂ ಲೆಕ್ಕದ ಅಂಕಣ ಹುಡುಕಿ. ಸರ್ವಿಂಗ್, ಅಂದರೆ ಒಂದು ಸಲಕ್ಕೆ ತಿನ್ನುವಷ್ಟು, ಎಂಬುದು ಕಂಪನಿ ಇಟ್ಟ ಅಳತೆ. ಮಿಕ್ಸ್ಚರನ್ನು 20 ಗ್ರಾಂಗೆ ನಿಲ್ಲಿಸಿದವರನ್ನು ಕಂಡವರುಂಟೇ?

ಆಮೇಲೆ ಮೂರೇ ಸಾಲು: ಆಡೆಡ್ ಶುಗರ್ಸ್ (ಮೇಲಿಂದ ಸೇರಿಸಿದ ಸಕ್ಕರೆ), ಸೋಡಿಯಂ (ಉಪ್ಪಿನಲ್ಲಿರುವ ಅಂಶ), ಸ್ಯಾಚುರೇಟೆಡ್ ಫ್ಯಾಟ್ (ತುಪ್ಪ, ಪಾಮ್ ಎಣ್ಣೆಯಲ್ಲಿ ಹೆಚ್ಚಿರುವ ಬಗೆಯ ಕೊಬ್ಬು). ಲೇಬಲಿನ ಶೇಕಡಾವಾರು ಲೆಕ್ಕಕ್ಕೆ ಆಧಾರವಾದ ದಿನದ ಪ್ರಮಾಣ ಕ್ರಮವಾಗಿ 50 ಗ್ರಾಂ, 2000 ಮಿಲಿಗ್ರಾಂ, 22 ಗ್ರಾಂ. ಇದು ದಿನಕ್ಕೆ 2000 ಕಿಲೋಕ್ಯಾಲರಿ ಬೇಕಾದ ದೊಡ್ಡವರದ್ದು. ಸಣ್ಣ ಮಕ್ಕಳಿಗೆ ಅಷ್ಟು ಸಲ್ಲದು. 100 ಗ್ರಾಂಗೆ 25 ಗ್ರಾಂ ಸಕ್ಕರೆ ಸೇರಿಸಿದ ಬಿಸ್ಕತ್ತಿನ 60 ಗ್ರಾಂ ಪೊಟ್ಟಣ ಖಾಲಿಯಾದರೆ ಹೊಟ್ಟೆಗೆ ಹೋದದ್ದು 15 ಗ್ರಾಂ, ಹೆಚ್ಚುಕಡಿಮೆ ನಾಲ್ಕು ಟೀ ಚಮಚ ಸಕ್ಕರೆ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು: 800 ಮಿಲಿಗ್ರಾಂ ಎಂದಿದ್ದರೆ 2 ಗ್ರಾಂ. ದಿನವಿಡೀ ತಿನ್ನುವ ಉಪ್ಪು 5 ಗ್ರಾಂ ಮೀರಬಾರದು.

ಇನ್ನು ಪದಾರ್ಥಗಳ ಪಟ್ಟಿ. ತೂಕ ಹೆಚ್ಚಿದ್ದು ಮೊದಲು ಬರುತ್ತದೆ, ಆದ್ದರಿಂದ ಮೊದಲ ಮೂರು ಹೆಸರು ಸಾಕು. ಸಕ್ಕರೆ ಮಾತ್ರ ಇಲ್ಲಿ ಕಣ್ಣಾಮುಚ್ಚಾಲೆ ಆಡುತ್ತದೆ. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಎಂದು ಪಾಲಾಗಿ ಪಟ್ಟಿಯಲ್ಲಿ ಕೆಳಗಿಳಿದಿರುತ್ತದೆ. ಸಕ್ಕರೆಯ ಎಲ್ಲ ಹೆಸರನ್ನೂ ಕೂಡಿಸಿ ನೋಡಿ.

ಅವಸರದವರು ಎಡವುವುದು ಮುಂಭಾಗದಲ್ಲಿ. ‘ಮಲ್ಟಿಗ್ರೇನ್’ ಎಂದ ಮಾತ್ರಕ್ಕೆ ಮೈದಾ ಇಲ್ಲ ಎಂದಲ್ಲ. ‘ಬೇಕ್ಡ್’ ಎಂದರೆ ಉಪ್ಪು ಕಡಿಮೆ ಎಂದೂ ಅಲ್ಲ. ತಾಳ್ಮೆಯವರ ತಪ್ಪು ಬೇರೆ: ಪ್ರತಿ ಸಾಲನ್ನೂ ಓದಹೊರಟು, ಮೂರನೇ ಪೊಟ್ಟಣಕ್ಕೆ ಸುಸ್ತಾಗಿ ಬಿಡುತ್ತಾರೆ.

ಲೇಬಲ್ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕೆಂಬುದು ನಿಯಮ. ಮಲಯಾಳ, ಕನ್ನಡ ಕಂಪನಿಯ ಇಷ್ಟ. ಕನ್ನಡ ಮಾತ್ರ ಓದುವ ಅಜ್ಜಿಯಂದಿರಿಗೆ ಸಕ್ಕರೆ, ಸೋಡಿಯಂ, ಕೊಬ್ಬಿನ ಆ ಮೂರು ಸಾಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟರೆ ಹೋಲಿಸಿ ಹುಡುಕುತ್ತಾರೆ, ಅಂಕಿ ಹೇಗೂ ಗೊತ್ತು.

ಕಣ್ಣೆದುರೇ ಕರಿದು ತೂಗಿಕೊಡುವ ನೇಂದ್ರ ಬಾಳೆಕಾಯಿಯ ಉಪ್ಪೇರಿಗೆ (ಚಿಪ್ಸ್) ಓದಲು ಲೇಬಲ್ಲೇ ಇರುವುದಿಲ್ಲ. ಅಲ್ಲಿ ಕೈಯಲ್ಲಿರುವುದು ತೂಕ ಮಾತ್ರ: ಅರ್ಧ ಕಿಲೋದ ಬದಲು ಕಾಲು ಕಿಲೋ ಎಂದು ಹೊರಡುವ ಮೊದಲೇ ಚೀಟಿಯಲ್ಲಿ ಬರೆದಿರಲಿ.