ಎಪ್ಪತ್ತಾರಕ್ಕೆ ನಿಂತ ಮಳೆಗಾಲ

ನಾನು ಕಾರವಾರದಲ್ಲಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ದಿನಕ್ಕೆ ಐವತ್ತು ಅರವತ್ತು ಪಾರ್ಸೆಲ್ ತೂಗುತ್ತೇನೆ. "ಅರ್ಧ ಕಿಲೋ ಇರಬಹುದು ಮೇಡಂ" ಎಂದು ತಂದುಕೊಟ್ಟ ಗಂಟು ಎಂಟುನೂರು ಗ್ರಾಂ ತೂಗುತ್ತದೆ, ಹೆಚ್ಚಿನ ದುಡ್ಡು ಕೇಳಿದರೆ ಎದುರಿಗಿದ್ದವರ ಮುಖ ಸಣ್ಣದಾಗುತ್ತದೆ. ಕೈಯಂದಾಜನ್ನು ನಂಬಬಾರದು ಎನ್ನುವುದು ನನ್ನ ಉದ್ಯೋಗದ ಮೊದಲ ಪಾಠ. ಆ ಪಾಠ ಕಚೇರಿಯಿಂದ ಹೊರಟು ನಮ್ಮ ಮನೆಯ ಅಡುಗೆಕೋಣೆ ತಲುಪಲು ಮಾತ್ರ ಏಳು ತಿಂಗಳು ಹಿಡಿಯಿತು.

2024ರ ಜನವರಿಯಲ್ಲಿ ನನ್ನ ತೂಕ 84 ಕಿಲೋ. ಎತ್ತರ 158 ಸೆಂಟಿಮೀಟರ್, ವಯಸ್ಸು 46. ಮೆಟ್ಟಿಲು ಹತ್ತಿದರೆ ಮೊಣಕಾಲು ಹಿಡಿಯುತ್ತಿತ್ತು, ರಕ್ತದ ಸಕ್ಕರೆ ಅಂಚಿಗೆ ಬಂದು ನಿಂತಿತ್ತು. ಚಹಾದ ಸಕ್ಕರೆ ಬಿಟ್ಟೆ, ಅನ್ನವನ್ನು ಅರ್ಧಕ್ಕಿಳಿಸಿದೆ, ಬೆಳಿಗ್ಗೆ ಆರಕ್ಕೆ ಟ್ಯಾಗೋರ್ ಕಡಲತೀರಕ್ಕೆ ಹೋಗಿ ಯುದ್ಧನೌಕೆಯ ವಸ್ತುಸಂಗ್ರಹಾಲಯದಿಂದ ಕೋಡಿಬಾಗದ ಕಡೆಗೆ ಹಸಿ ಮರಳಿನ ಮೇಲೆ ನಡೆಯತೊಡಗಿದೆ. ಮೇ ತಿಂಗಳ ಕೊನೆಗೆ 76ಕ್ಕೆ ಇಳಿದೆ. ಈ ಭಾಗದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮೊದಲ ಕೆಲವು ಕಿಲೋ ಹೆಚ್ಚುಕಡಿಮೆ ಎಲ್ಲರಿಗೂ ಇಳಿಯುತ್ತದೆ.

ಜೂನ್ ಬಂತು, ಮಳೆ ಹಿಡಿಯಿತು, ತೂಕ ನಿಂತಿತು. ಒಂದು ವಾರ 75.8, ಇನ್ನೊಂದು ವಾರ 76.4. ಜುಲೈ ಮುಗಿಯುತ್ತ ಬಂದರೂ ಅಲ್ಲೇ. ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಇನ್ನಷ್ಟು ಕಡಿಮೆ ತಿನ್ನಲು ಹೊರಟೆ. ರಾತ್ರಿಯ ಊಟ ಬಿಟ್ಟೆ. ಮಧ್ಯಾಹ್ನ ಎರಡೇ ಚಪಾತಿ. ಸಹೋದ್ಯೋಗಿಯೊಬ್ಬರು ಹೇಳಿದರೆಂದು ಡಬ್ಬಿಯ ಪುಡಿಯೊಂದನ್ನೂ ತರಿಸಿದೆ, ಅದರ ಸುದ್ದಿ ಬೇಡ. ಇದರಿಂದ ಆದದ್ದು ಇಷ್ಟೇ: ಕೌಂಟರಿನಲ್ಲಿ ಜನರ ಮೇಲೆ ಸಿಡಿಮಿಡಿ, ಮಧ್ಯಾಹ್ನ ತೂಕಡಿಕೆ, ಮನೆಗೆ ಬಂದರೆ ಸೋಫಾ ಬಿಟ್ಟು ಏಳಲು ಮನಸ್ಸಿಲ್ಲ. ಶಿರೂರಿನಲ್ಲಿ ಗುಡ್ಡ ಕುಸಿದ ಮೇಲಂತೂ ಸಂಜೆಗಳೆಲ್ಲ ಟಿವಿಯ ಮುಂದೆಯೇ ಕಳೆದವು.

ಥೈರಾಯ್ಡ್ ಇರಬೇಕು ಎಂದುಕೊಂಡು ವೈದ್ಯರ ಬಳಿ ಹೋದೆ. ಅವರು ರಕ್ತ ಪರೀಕ್ಷೆ ಮಾಡಿಸಿದರು, ಹೊಸ ಮಾತ್ರೆ ಏನಾದರೂ ಶುರುವಾಗಿದೆಯೇ, ನಿದ್ರೆ ಹೇಗಿದೆ, ಗೊರಕೆ ಇದೆಯೇ, ಮುಟ್ಟು ಸರಿಯಾಗಿದೆಯೇ ಎಂದೆಲ್ಲ ಕೇಳಿದರು. ಎಲ್ಲವೂ ಸರಿಯಾಗಿತ್ತು. ನಿಜ ಹೇಳಬೇಕೆಂದರೆ ವರದಿ ನೋಡಿ ನನಗೆ ನಿರಾಸೆಯಾಯಿತು. ರೋಗ ಎಂದಾಗಿದ್ದರೆ ತಪ್ಪು ನನ್ನದಲ್ಲ ಎಂದಾಗುತ್ತಿತ್ತಲ್ಲ. ಆದರೂ ಆ ಪರೀಕ್ಷೆ ಮೊದಲು ಆಗಬೇಕು. ಸಕ್ಕರೆಗೋ ರಕ್ತದೊತ್ತಡಕ್ಕೋ ಮಾತ್ರೆ ನುಂಗುವವರು ಅದಿಲ್ಲದೆ ನನ್ನ ದಾರಿ ಹಿಡಿಯುವುದು ಬೇಡ.

ದಾರಿ ತಿರುಗಿಸಿದವಳು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುವ ಮಗಳು. "ಅಮ್ಮ, ನೀನು ತಿಂದದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡುವುದು ಸರಿ, ಆದರೆ ತೂಗಿ ಬರೆಯುತ್ತೀಯಾ?" ಎಂದು ಫೋನಿನಲ್ಲಿ ಕೇಳಿದಳು. ಅಮೆರಿಕದಲ್ಲಿ ನಡೆದು 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಹೇಳಿದಳು. 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುವವರನ್ನೇ ಆರಿಸಿ ಪರೀಕ್ಷಿಸಿದರಂತೆ. ಅವರ ದೇಹದ ಯಂತ್ರದಲ್ಲಿ ಯಾವ ದೋಷವೂ ಸಿಗಲಿಲ್ಲ. ತಾವು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ, ಓಡಾಡಿದ್ದನ್ನು ಶೇ 51ರಷ್ಟು ಹೆಚ್ಚು ಹೇಳಿದ್ದರು. ಸುಳ್ಳು ಹೇಳಬೇಕೆಂದಲ್ಲ, ಹಾಗೆಂದೇ ನಂಬಿದ್ದರು. ನನಗೆ ಸಿಟ್ಟು ಬಂತು. ಮರುದಿನ ಕೌಂಟರಿನಲ್ಲಿ ಒಬ್ಬರು ಉಪ್ಪಿನಕಾಯಿಯ ಡಬ್ಬಿ ಇಟ್ಟು "ಒಂದು ಕಿಲೋ" ಎಂದರು, ತಕ್ಕಡಿ ಒಂದೂಮುಕ್ಕಾಲು ತೋರಿಸಿತು. ಸಂಜೆ ಮನೆಗೆ ಹೋಗುವಾಗ ಅಡುಗೆಮನೆಗೊಂದು ಪುಟ್ಟ ತಕ್ಕಡಿ ಕೊಂಡೆ.

ಹತ್ತು ದಿನ ಏನನ್ನೂ ಬದಲಿಸಬಾರದು, ತೂಗಿ ಬರೆಯುವುದಷ್ಟೇ ಎಂದು ನಿಯಮ ಹಾಕಿಕೊಂಡೆ. ಮೊದಲ ದಿನವೇ ಅತ್ತೆ ಈಳಿಗೆ ಮಣೆಯ ಮೇಲೆ ಕಾಯಿ ತುರಿಯುತ್ತಿದ್ದಾಗ ಬಟ್ಟಲನ್ನು ಎತ್ತಿ ತಕ್ಕಡಿಯ ಮೇಲಿಟ್ಟೆ. ಅರ್ಧ ಕಾಯಿಯ ತುರಿ 170 ಗ್ರಾಂ. "ಬಂಗಾರ ತೂಗಿದ ಹಾಗೆ ತೂಗುತ್ತೀಯಲ್ಲ!" ಎಂದು ಅತ್ತೆ ನಕ್ಕರು. ಹಸಿ ಕೊಬ್ಬರಿ ನೂರು ಗ್ರಾಮಿಗೆ ಸುಮಾರು 350 ಕ್ಯಾಲೊರಿ. ಬೆಳಗಿನ ಚಟ್ನಿ, ಮಧ್ಯಾಹ್ನದ ಸಾರು, ಪಲ್ಯದ ಮೇಲೆ ಉದುರಿಸುವುದು ಎಲ್ಲ ಸೇರಿ ನಾಲ್ವರ ಮನೆಗೆ ದಿನಕ್ಕೊಂದು ಇಡೀ ಕಾಯಿ ಬೇಕಾಗುತ್ತಿತ್ತು. ನನ್ನ ಪಾಲಿಗೆ ಸುಮಾರು 300 ಕ್ಯಾಲೊರಿ. ಹಳೆಯ ಪುಸ್ತಕ ತೆರೆದು ನೋಡಿದರೆ ಅದನ್ನು ನಾನು "ಮಸಾಲೆ" ಎಂದು ಬರೆದು ಮುಂದೆ ಸೊನ್ನೆ ಹಾಕಿದ್ದೆ! ಕಾಯಿ ಇಲ್ಲದ ಸಾರು ಸಾರೇ ಅಲ್ಲ ಎನ್ನುವ ಊರಿನವರಿಗೆ ಕಾಯಿ ಕಣ್ಣಿಗೆ ಬೀಳುವುದಿಲ್ಲ.

ಎಣ್ಣೆಯದು ಇನ್ನೂ ದೊಡ್ಡ ಕಥೆ. ಅದನ್ನು ಒಗ್ಗರಣೆ ಒಗ್ಗರಣೆಗೂ ತೂಗಲು ಆಗುವುದಿಲ್ಲ. ಹಾಗಾಗಿ ಕ್ಯಾನಿನ ಲೆಕ್ಕ ಹಿಡಿದೆ. ಐದು ಲೀಟರಿನ ಕ್ಯಾನು ಬೇಸಿಗೆಯಲ್ಲಿ ಆರು ವಾರ ಬರುತ್ತಿತ್ತು, ಜೂನ್ ನಂತರ ನಾಲ್ಕೇ ವಾರ. ಎಲ್ಲಿಗೆ ಹೋಯಿತು? ಕಾರಣ ಸಮುದ್ರದಲ್ಲಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ತಾಜಾ ಬಂಗಡೆ, ತಾರ್ಲೆ ಸಿಗುವುದು ಅಪರೂಪ, ಸಿಕ್ಕರೂ ಬೆಲೆ ಕೈಸುಡುತ್ತದೆ. ಆಗ ತಟ್ಟೆಗೆ ಬರುವುದು ಗಂಜಿ, ಒಣ ಮೀನು, ಜೊತೆಗೆ ಹುರಿದದ್ದು ಕರಿದದ್ದು: ಹಲಸಿನ ಹಪ್ಪಳ, ಸಂಡಿಗೆ, ಬಾಳ್ಕದ ಮೆಣಸು. ರಾತ್ರಿ ಊಟ ಬಿಟ್ಟೆ ಎಂದು ಹೆಮ್ಮೆಯಿಂದ ಬರೆದ ದಿನಗಳಲ್ಲೇ ಸಂಜೆ ಐದೂವರೆಗೆ ನಾಲ್ಕು ಹಪ್ಪಳ ಮತ್ತು ಒಂದು ಮುಷ್ಟಿ ಗೋಡಂಬಿ ಹೊಟ್ಟೆಗೆ ಹೋಗಿದ್ದವು. ಆ ಮುಷ್ಟಿಯನ್ನೂ ತೂಗಿದೆ, 32 ಗ್ರಾಂ.

ಹತ್ತು ದಿನದ ಸರಾಸರಿ 1850 ಕ್ಯಾಲೊರಿ ಬಂತು. ನನ್ನ ಪುಸ್ತಕ ಹೇಳುತ್ತಿದ್ದದ್ದು 1250. ಶೇಕಡಾ ಲೆಕ್ಕ ಹಾಕಿದರೆ ಆ ಅಮೆರಿಕದವರಿಗಿಂತ ನಾನು ಸ್ವಲ್ಪ ಪ್ರಾಮಾಣಿಕಳು ಎಂದು ಮಗಳಿಗೆ ಸಂದೇಶ ಕಳಿಸಿದೆ.

ಆದರೆ ಒಂದು ಪ್ರಶ್ನೆ ಉಳಿಯಿತು. ಕಾಯಿ ಬೇಸಿಗೆಯಲ್ಲೂ ಇತ್ತು, ಎಣ್ಣೆಯೂ ಇತ್ತು. ಆಗ ಇಳಿದ ತೂಕ ಈಗ ಏಕೆ ನಿಂತಿತು? ಇದಕ್ಕೆ ಒಂದು ಭಾನುವಾರ ಕುಳಿತು ಲೆಕ್ಕ ಹಾಕಿದೆ. ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಎಂದು ಹಿಡಿದರೆ, 21 ವಾರದಲ್ಲಿ 8 ಕಿಲೋ ಇಳಿದಾಗ ದಿನಕ್ಕೆ ಸುಮಾರು 420 ಕ್ಯಾಲೊರಿಯ ಕೊರತೆ ಇದ್ದಿರಬೇಕು. ಆ 420 ಎಲ್ಲಿ ಕರಗಿತು? ಮೊದಲನೆಯದು, ದೇಹವೇ 8 ಕಿಲೋ ಹಗುರವಾಗಿತ್ತು. ಹಗುರ ದೇಹಕ್ಕೆ ಕೂತರೂ ನಡೆದರೂ ಖರ್ಚು ಕಡಿಮೆ, ಸೂತ್ರದ ಪ್ರಕಾರ ದಿನಕ್ಕೆ ಸುಮಾರು 110. ಎರಡನೆಯದು, ಮೊಬೈಲಿನ ಹೆಜ್ಜೆ ಲೆಕ್ಕ. ಮೇ ತಿಂಗಳಲ್ಲಿ ದಿನಕ್ಕೆ 9500 ಇದ್ದದ್ದು ಜುಲೈಯಲ್ಲಿ 3500. "ಮನೆಯಲ್ಲೇ ವ್ಯಾಯಾಮ ಮಾಡುತ್ತಿದ್ದೇನಲ್ಲ" ಎಂದು ನಾನು ವಾದಿಸುತ್ತಿದ್ದೆ. ಇಪ್ಪತ್ತು ನಿಮಿಷದ ವ್ಯಾಯಾಮ ಮುಗಿಸಿ ಉಳಿದ ದಿನವೆಲ್ಲ ಕೂತರೆ ಅದು ಹುಣಸೆ ಹಣ್ಣು ಕೊಟ್ಟು ಬೀಜ ತೂಗಿಕೊಂಡ ಹಾಗೆ. ಇದರಲ್ಲಿ ಹೋದದ್ದು 170 ಎಂದಿಟ್ಟುಕೊಳ್ಳಿ. ಮೂರನೆಯದು ಕ್ಯಾನಿನ ಹೆಚ್ಚುವರಿ ಎಣ್ಣೆ, ನನ್ನ ಪಾಲಿಗೆ ದಿನಕ್ಕೆ 14 ಗ್ರಾಂ, ಅಂದರೆ 125. ಮೂರನ್ನೂ ಕೂಡಿಸಿದರೆ 405. ದಿನದ ಕೊನೆಗೆ ಕ್ಯಾಶ್ ತಾಳೆಯಾದಾಗ ಆಗುವ ಸಮಾಧಾನವೇ ಆಯಿತು. ಅಂದಾಜಿನ ಅಂಕಿಗಳೇ, ಒಪ್ಪುತ್ತೇನೆ, ಆದರೂ ಇದರಲ್ಲಿ ಮಾಯ ಮಂತ್ರ ಏನೂ ಇರಲಿಲ್ಲ.

ಊಟ ತೀರಾ ಕಡಿಮೆಯಾದರೆ ಮನುಷ್ಯ ತನಗೇ ತಿಳಿಯದೆ ಅಲುಗಾಡುವುದನ್ನು ಕಡಿಮೆ ಮಾಡುತ್ತಾನೆ ಎಂಬುದನ್ನೂ ಆಮೇಲೆ ಓದಿದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ 36 ಯುವಕರನ್ನು ಅರೆಹೊಟ್ಟೆಯಲ್ಲಿಟ್ಟು ನಡೆಸಿದ ಪ್ರಯೋಗದಲ್ಲಿ ಇದು ಸ್ಪಷ್ಟವಾಗಿ ಕಂಡಿತ್ತು. ಸೋಫಾದ ಮೇಲಿನ ನನ್ನ ಸಂಜೆಗಳಿಗೂ ಇದಕ್ಕೂ ಸಂಬಂಧವಿಲ್ಲ ಎನ್ನಲಾರೆ.

ಆಗಸ್ಟ್ ಮೊದಲ ವಾರ, ಕಾಳಿ ನದಿಯ ಹಳೆಯ ಸೇತುವೆ ಕುಸಿದು ಊರೆಲ್ಲ ಅದೇ ಮಾತಾಡುತ್ತಿದ್ದ ದಿನಗಳಲ್ಲಿ, ನಾನು ಮತ್ತೆ ರಾತ್ರಿ ಊಟ ಮಾಡತೊಡಗಿದೆ. ಇದೇ ಮೊದಲ ಬದಲಾವಣೆ. ಎರಡನೆಯದು ಎಣ್ಣೆಯ ಬಾಟಲಿ: ವಾರಕ್ಕೆ 600 ಮಿಲಿಲೀಟರ್ ಅಳೆದು ಗಾಜಿನ ಬಾಟಲಿಗೆ ಹಾಕಿ, ಹೊರಗೆ ಏಳು ದಿನಕ್ಕೆ ಏಳು ಗೆರೆ ಎಳೆದೆ. ಕಾಯಿಯನ್ನು ಬಿಡಲಿಲ್ಲ, ಬಿಡು ಎನ್ನುವವರ ಮಾತು ನಮ್ಮ ಕಡೆ ನಡೆಯುವುದೂ ಇಲ್ಲ. ದಿನಕ್ಕೆ ಅರ್ಧ ಕಾಯಿಗೆ ಇಳಿಸಿ, ವಾರದಲ್ಲಿ ಮೂರು ದಿನ ಮುರುಗಲ ಹುಳಿಯ ತಿಳಿಸಾರು ಮಾಡಿದೆವು. ಹಪ್ಪಳವನ್ನು ಕರಿಯದೆ ಒಲೆಯ ಮೇಲೆ ಸುಟ್ಟೆವು. ಸುಟ್ಟ ಹಲಸಿನ ಹಪ್ಪಳದ ರುಚಿಯೇ ಬೇರೆ, ಮನೆಯವರೂ ತಕರಾರು ತೆಗೆಯಲಿಲ್ಲ.

ಅಷ್ಟರಲ್ಲಿ ದೋಣಿಗಳು ಕಡಲಿಗಿಳಿದಿದ್ದವು, ಬೈತಖೋಲ್ ಬಂದರಿನಿಂದ ಬಂಗಡೆ ಬರತೊಡಗಿತು. ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ 150 ಗ್ರಾಂ ಮೀನು, ರಾತ್ರಿ ಮೊಳಕೆ ಹೆಸರಿನ ಪಲ್ಯ ಮತ್ತು ಮೊಸರು. ಪ್ರೋಟೀನ್ ದಿನಕ್ಕೆ 70 ಗ್ರಾಮಿನ ಹತ್ತಿರ ಬಂದ ಮೇಲೆ ಸಂಜೆಯ ಗೋಡಂಬಿಯ ನೆನಪೇ ಬರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಬರುತ್ತಿತ್ತು, ಆದರೆ ಡಬ್ಬಿ ಹುಡುಕುವಷ್ಟು ಅಲ್ಲ.

ಮಳೆಯಲ್ಲಿ ಹೆಜ್ಜೆ ಹಾಕುವುದು ಹೇಗೆ? ಮನೆಯ ಜಗಲಿ ಹನ್ನೊಂದು ಹೆಜ್ಜೆ ಉದ್ದ. ಫೋನು ಬಂದರೆ ಕೂರಬಾರದು, ಜಗಲಿಯಲ್ಲೇ ತಿರುಗುತ್ತ ಮಾತಾಡಬೇಕು ಎಂದು ಗೊತ್ತು ಮಾಡಿಕೊಂಡೆ. ನನ್ನ ತಂಗಿ ಒಮ್ಮೆ ಫೋನು ಮಾಡಿದರೆ ಎರಡು ಸಾವಿರ ಹೆಜ್ಜೆಗೆ ಮೋಸವಿಲ್ಲ. ಮಳೆ ಬಿಟ್ಟ ಹೊತ್ತಿಗೆ ಕಡಲತೀರ. ಹೀಗೆ 8000ಕ್ಕೆ ತಂದೆ. ವಾರಕ್ಕೆ ಮೂರು ದಿನ ಕುರ್ಚಿಯಿಂದ ಕೂತೇಳುವುದು, ಗೋಡೆಗೆ ಕೈಕೊಟ್ಟು ದಂಡ, ಖಾಲಿ ಎಣ್ಣೆ ಕ್ಯಾನಿಗೆ ನೀರು ತುಂಬಿ ಎತ್ತುವುದು. ಆ ಕ್ಯಾನು ಕೊನೆಗೂ ನನ್ನ ಉಪಕಾರಕ್ಕೆ ಬಂತು.

ಮೊದಲ ಹತ್ತು ದಿನ ತೂಕ 600 ಗ್ರಾಂ ಏರಿತು. ಹಿಂದಿನ ನಾನಾಗಿದ್ದರೆ ಎಲ್ಲವನ್ನೂ ಬಿಟ್ಟು ಕೂರುತ್ತಿದ್ದೆ. ಹೊಸದಾಗಿ ದುಡಿದ ಸ್ನಾಯುಗಳು ನೀರು ಹಿಡಿಯುತ್ತವೆ, ಒಣ ಮೀನಿನ ಉಪ್ಪೂ ಹಿಡಿಯುತ್ತದೆ, ತಿಂಗಳ ಆ ದಿನಗಳ ಮುಂಚೆಯೂ ಹಾಗೆ. ಒಣ ಶೆಟ್ಲಿ (ಸಿಗಡಿ) ಚಟ್ನಿ ತಿಂದ ಮರುದಿನ 77.1 ಕಂಡದ್ದೂ ಉಂಟು. ಹಾಗಾಗಿ ದಿನದ ಅಂಕಿಗೆ ಬೆಲೆ ಕೊಡದೆ ಏಳು ದಿನದ ಸರಾಸರಿ ತೆಗೆದೆ, ದರ್ಜಿಯ ಟೇಪಿನಿಂದ ಸೊಂಟ ಅಳೆದೆ. ನಮ್ಮ ದೇಶದ ಹೆಂಗಸರಿಗೆ ಸೊಂಟ 80 ಸೆಂಟಿಮೀಟರ್ ಮೀರಬಾರದು ಎನ್ನುತ್ತಾರೆ. ನನ್ನದು 96 ಇತ್ತು. ತೂಕ ಏರಿದ ಆ ಹತ್ತು ದಿನದಲ್ಲೇ ಅದು 95 ಆಯಿತು. ಸೆಪ್ಟೆಂಬರ್ 7ರ ಚೌತಿಯ ಹೊತ್ತಿಗೆ ತೂಕ 74.2.

ಚೌತಿಯಲ್ಲಿ ಅರಿಶಿನದ ಎಲೆಯ ಕಡುಬು ಬೇಡ ಎನ್ನುವ ಧೈರ್ಯ ನನಗಿಲ್ಲ. ಆಸ್ಟ್ರೇಲಿಯದ ಟಾಸ್ಮೇನಿಯ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡು ವಾರ ಪಥ್ಯ, ಎರಡು ವಾರ ತೂಕ ಕಾಯುವಷ್ಟು ಊಟ ಎಂದು ಬಿಟ್ಟು ಬಿಟ್ಟು ಮಾಡಿದವರು ಒಂದೇ ಸಮನೆ ಪಥ್ಯ ಮಾಡಿದವರಿಗಿಂತ ಹೆಚ್ಚು ಇಳಿದರಂತೆ. ಅದರಲ್ಲಿದ್ದವರೆಲ್ಲ ಗಂಡಸರು, ಚೌತಿಯ ಅಡುಗೆ ಮಾಡಬೇಕಾದವರೂ ಅಲ್ಲ. ಆದರೂ ನನಗೆ ಅನುಕೂಲವಾದ ವಿಜ್ಞಾನವನ್ನು ನಾನೇಕೆ ಬಿಡಲಿ? ಎರಡು ವಾರ ಕೊರತೆ ಇಲ್ಲದೆ, ಆದರೆ ತೂಗಿಯೇ, ಉಂಡೆ. 75.1ಕ್ಕೆ ಏರಿ, ಮತ್ತೆ ಶುರು ಮಾಡಿದ ವಾರದೊಳಗೆ 74.3ಕ್ಕೆ ಬಂತು. ಬಂದುಹೋದದ್ದು ಹೆಚ್ಚಿನಂಶ ನೀರು. ಅದಕ್ಕಿಂತ ಹೆಚ್ಚಾಗಿ, ಸಿಡಿಮಿಡಿ ಹೋಗಿತ್ತು. ಡಿಸೆಂಬರ್ ಕೊನೆಗೆ 70.8.

ಫೆಬ್ರುವರಿಯಲ್ಲಿ ಮತ್ತೆ 70ಕ್ಕೆ ನಿಂತಿತು, ಎರಡು ವಾರ. ಹೆಜ್ಜೆ ನೋಡಿದೆ, ಸರಿ ಇತ್ತು. ಅಡುಗೆಮನೆಗೆ ಹೋಗಿ ಎಣ್ಣೆಯ ಬಾಟಲಿ ಎತ್ತಿದೆ. ಗುರುವಾರಕ್ಕೇ ಎಣ್ಣೆ ಭಾನುವಾರದ ಗೆರೆ ದಾಟಿತ್ತು. ಬಾಟಲಿ ಹಿಡಿದುಕೊಂಡೇ ಅತ್ತೆಯ ಕಡೆ ನೋಡಿದೆ.

"ಮೊಮ್ಮಗಳು ಬಂದಿದ್ದಳಲ್ಲ, ಶೆಟ್ಲಿ ಹುರಿದೆ" ಎಂದರು. "ನೀನೂ ಎರಡು ಸಲ ಹಾಕಿಸಿಕೊಂಡೆ."