ವಾಲೈ ಮೀನಿಗೆ ಟಿಪ್-ಅಪ್ ಕಟ್ಟೋದು ಹೇಗೆ

ಊರಲ್ಲಿ ಕೆರೆ ಏರಿ ಮೇಲೆ ಕೂತು ಗಾಳ ಹಾಕಿದವರಿಗೆ ಬೆಂಡು ಗೊತ್ತಿರುತ್ತದೆ. ಬೆಂಡು ಮುಳುಗಿದರೆ ಮೀನು ಕಚ್ಚಿದೆ ಅಂತ. ಚಳಿಗಾಲದಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದ ಹೆಪ್ಪುಗಟ್ಟಿದ ಸರೋವರಗಳ ಮೇಲೆ ಬಳಸುವ ಟಿಪ್-ಅಪ್ ಇದಕ್ಕೆ ಉಲ್ಟಾ, ಇಲ್ಲಿ ಮೀನು ಎಳೆದರೆ ಬಾವುಟ ಮೇಲೇಳುತ್ತದೆ. ಐಸ್‌ನಲ್ಲಿ ಕೊರೆದ ತೂತಿನ ಮೇಲೆ ಒಂದು ಅಡ್ಡಪಟ್ಟಿ ಅಥವಾ ದುಂಡನೆ ಮುಚ್ಚಳ ಕೂರುತ್ತದೆ. ಅದರಿಂದ ಒಂದು ಕಂಬಿ ನೀರಿಗೆ ಇಳಿದಿರುತ್ತದೆ, ಕಂಬಿಯ ತುದಿಗೆ ದಾರ ಸುತ್ತಿದ ರೀಲು. ರೀಲು ನೀರೊಳಗೇ ಇರೋದರಿಂದ ಹೆಪ್ಪುಗಟ್ಟುವುದಿಲ್ಲ. ಮೀನು ದಾರ ಎಳೆದಾಗ ರೀಲು ತಿರುಗಿ, ಅದರ ಜೊತೆ ಕಂಬಿಯೂ ತಿರುಗಿ, ಮೇಲೆ ಬಗ್ಗಿಸಿ ಸಿಕ್ಕಿಸಿದ ಬಾವುಟ ಬಿಡಿಸಿಕೊಂಡು ಟಪ್ ಅಂತ ಎದ್ದು ನಿಲ್ಲುತ್ತದೆ.

ವಾಲೈ ಮಿನ್ನೆಸೋಟಾದ ರಾಜ್ಯ ಮೀನು, ತಿನ್ನೋಕೆ ಬಹಳ ರುಚಿ. ಆದರೆ ಅನುಮಾನ ಜಾಸ್ತಿ. ಪೈಕ್ ಮೀನಿನ ಹಾಗೆ ಗಬಕ್ಕನೆ ನುಂಗಿ ಓಡುವುದಿಲ್ಲ. ಎರೆಯನ್ನು ಬಾಯಲ್ಲಿ ಹಿಡಿದು ಸ್ವಲ್ಪ ದೂರ ಹೋಗುತ್ತದೆ, ಹಿಂದಿನಿಂದ ಏನೋ ಎಳೆದ ಹಾಗೆ ಅನ್ನಿಸಿದರೆ ಉಗುಳಿಬಿಡುತ್ತದೆ. ಆದ್ದರಿಂದ ಟಿಪ್-ಅಪ್ ಕಟ್ಟುವಾಗ ಒಂದೇ ಯೋಚನೆ ಇರಲಿ: ಮೀನಿಗೆ ಏನೂ ಗೊತ್ತಾಗಬಾರದು.

ಮೊದಲು ದಾರ. ರೀಲಿಗೆ 20ರಿಂದ 30 ಪೌಂಡ್ ತಡೆಯುವ ಹೆಣೆದ ಡೇಕ್ರಾನ್ ದಾರ ಸುತ್ತಿ. ಇದು ದಪ್ಪ, ಒದ್ದೆ ಕೈಗೆ ಚೆನ್ನಾಗಿ ಸಿಗುತ್ತದೆ. ಇದರ ತುದಿಗೆ ಸಣ್ಣ ಸ್ವಿವೆಲ್ (ತಿರುಗುವ ಕೊಂಡಿ) ಕಟ್ಟಿ, ಅಲ್ಲಿಂದ ಕೆಳಗೆ 4ರಿಂದ 6 ಅಡಿ ಫ್ಲೋರೋಕಾರ್ಬನ್ ದಾರ, 8ರಿಂದ 10 ಪೌಂಡಿನದು. ಇದು ನೀರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಗಂಟು ಬಿಗಿಯುವ ಮುಂಚೆ ಎಂಜಲಿಂದ ಒದ್ದೆ ಮಾಡಿಕೊಳ್ಳಿ, ಒಣಗಿದ್ದಾಗ ಬಿಗಿದರೆ ದಾರ ಸವೆದು ಅಲ್ಲೇ ಕಿತ್ತುಹೋಗುತ್ತದೆ. ಈ ಗಂಟುಗಳನ್ನೆಲ್ಲ ಮನೆಯಲ್ಲೇ ಬೆಚ್ಚಗೆ ಕೂತು ಹಾಕಿಕೊಂಡು ಹೋಗಿ, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಬೆರಳು ಮಾತು ಕೇಳುವುದಿಲ್ಲ.

ಗಾಳ ಚಿಕ್ಕದಿರಲಿ. 6ನೇ ನಂಬರಿನ ಒಂಟಿ ಮುಳ್ಳಿನ ಗಾಳ ನನಗೆ ಇಷ್ಟ. ಮೂರು ಮುಳ್ಳಿನದನ್ನೂ ಹಾಕುತ್ತಾರೆ, ಆದರೆ ಚಿಕ್ಕ ಮೀನು ಸಿಕ್ಕಿದರೆ ಅದನ್ನು ಗಾಯವಾಗದ ಹಾಗೆ ನೀರಿಗೆ ಬಿಡೋದು ಕಷ್ಟ. ಗಾಳದಿಂದ ಒಂದು ಅಡಿ, ಒಂದೂವರೆ ಅಡಿ ಮೇಲೆ ಒಂದು ಸಣ್ಣ ಸೀಸದ ಗುಂಡು ಕಚ್ಚಿಸಿ. ಎರೆ ಮೀನು ಮೇಲಕ್ಕೆ ಈಜಿ ಬರದಿದ್ದರೆ ಸಾಕು, ಅದಕ್ಕಿಂತ ಜಾಸ್ತಿ ತೂಕ ಬೇಡ.

ಎರೆಗೆ 3ರಿಂದ 4 ಇಂಚಿನ ಜೀವಂತ ಶೈನರ್ ಅನ್ನೋ ಸಣ್ಣ ಮೀನಿನ ಮರಿ ಒಳ್ಳೆಯದು. ಬೆನ್ನಿನ ರೆಕ್ಕೆಯ ಹತ್ತಿರ, ಚರ್ಮದ ಕೆಳಗೆ ತೆಳ್ಳಗೆ ಗಾಳ ಸಿಕ್ಕಿಸಿ. ಬೆನ್ನುಮೂಳೆಗೆ ತಾಕಿದರೆ ಮರಿ ಸತ್ತುಹೋಗುತ್ತದೆ. ವಾಲೈ ಬರೋದೇ ಅದರ ಒದ್ದಾಟಕ್ಕೆ, ಅಲ್ವಾ?

ಆಳ ನೋಡೋಕೆ ಗಾಳಕ್ಕೆ ಕ್ಲಿಪ್ ಇರುವ ಭಾರ ಸಿಕ್ಕಿಸಿ ತಳ ಮುಟ್ಟುವವರೆಗೆ ಇಳಿಸಿ, ಆಮೇಲೆ ಒಂದು ಅಡಿ ಮೇಲೆತ್ತಿ. ರೀಲಿನ ಹತ್ತಿರ ದಾರಕ್ಕೆ ಒಂದು ಗುರುತು ಹಾಕಿ, ಶರ್ಟಿನ ಗುಂಡಿ ಸಿಕ್ಕಿಸಿದರೂ ಸರಿ.

ಈಗ ಮುಖ್ಯವಾದದ್ದು, ಬಿಗಿ. ಒಂದು ಸಲ ಮಿಲ್ ಲಾಕ್ಸ್ ಸರೋವರದಲ್ಲಿ ಸಂಜೆ ನಾಲ್ಕು ಸಲ ಬಾವುಟ ಎದ್ದಿತು, ನಾಲ್ಕು ಸಲವೂ ಮೈಮೇಲೆ ಹಲ್ಲಿನ ಗೀರಿದ್ದ ಮರಿ ಮಾತ್ರ ವಾಪಸ್ ಬಂತು. ರೀಲು ಬಿಗಿಯಾಗಿತ್ತು. ಅಂದಿನಿಂದ ಬೆರಳ ತುದಿಯಿಂದ ಮೆಲ್ಲಗೆ ಎಳೆದರೂ ತಿರುಗುವಷ್ಟು ಸಡಿಲ ಮಾಡಿಯೇ ಇಳಿಸುತ್ತೇನೆ. ಕಂಬಿಯ ಮೇಲ್ತುದಿಯಲ್ಲಿ ಬಾವುಟ ಸಿಕ್ಕಿಸೋಕೆ ಎರಡು ಕಡೆ ಇರುತ್ತವೆ, ಒಂದು ನುಣುಪು, ಇನ್ನೊಂದರಲ್ಲಿ ಸಣ್ಣ ತೋಡು. ವಾಲೈಗೆ ನುಣುಪು ಕಡೆಯೇ ಸರಿ. ಗಾಳಿ ಜೋರಾಗಿ ಬಾವುಟ ಸುಮ್ನೆ ಏಳುತ್ತಿದ್ದರೆ ಮಾತ್ರ ತೋಡಿಗೆ ಸಿಕ್ಕಿಸಿ.

ವಾಲೈ ಕಣ್ಣು ಮಂದ ಬೆಳಕಿಗೆ ಹೇಳಿ ಮಾಡಿಸಿದ್ದು. ಡಿಸೆಂಬರಿನಲ್ಲಿ ಮಿನಿಯಾಪೊಲಿಸ್ ಕಡೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಮೂರೂವರೆಯೊಳಗೆ ತೂತು ಕೊರೆದು ಮುಗಿಸಿ, ಕೊರೆಯುವ ಸದ್ದಿಗೆ ಕಡಿಮೆ ನೀರಿನಲ್ಲಿರುವ ಮೀನು ಓಡಿಹೋಗುತ್ತದೆ. ತಳ ಇಳಿಜಾರಾಗಿ ಆಳಕ್ಕೆ ಹೋಗುವ ಕಡೆ ಒಂದು ಟಿಪ್-ಅಪ್ ಮೇಲೆ, ಇನ್ನೊಂದು ಕೆಳಗೆ ಇಡಿ. ಮಿನ್ನೆಸೋಟಾದಲ್ಲಿ ಚಳಿಗಾಲದಲ್ಲಿ ಒಬ್ಬರಿಗೆ ಎರಡೇ ದಾರ, ನೀವು ಟಿಪ್-ಅಪ್‌ನಿಂದ 200 ಅಡಿಯೊಳಗೇ ಇರಬೇಕು. ಐಸ್ ಮೇಲೆ ನಡೆಯೋಕೆ ಕನಿಷ್ಠ 4 ಇಂಚು ಗಟ್ಟಿ ತಿಳಿ ಐಸ್ ಬೇಕು. ಬೆಳ್ಳಗಿದ್ದರೆ ಅದರ ಎರಡರಷ್ಟು. ಅಳೆಯದೆ ಹೆಜ್ಜೆ ಇಡಬೇಡಿ.

ಬಾವುಟ ಎದ್ದಾಗ ಓಡಬೇಡಿ, ಹೆಜ್ಜೆ ಸದ್ದು ಕೆಳಗೆ ಕೇಳುತ್ತದೆ. ಮೆಲ್ಲಗೆ ಹೋಗಿ, ರೀಲು ತಿರುಗುತ್ತಿದೆಯಾ ನೋಡಿ. ಟಿಪ್-ಅಪ್ ಎತ್ತಿ ಪಕ್ಕಕ್ಕಿಟ್ಟು, ದಾರವನ್ನು ಎರಡು ಬೆರಳಲ್ಲಿ ಹಿಡಿದು ನಿಧಾನ ಮೇಲೆಳೆಯಿರಿ. ಭಾರ ತಾಕಿತು ಅಂದ ತಕ್ಷಣ ಮಣಿಕಟ್ಟಿನಿಂದ ಒಂದು ಚಿಕ್ಕ ಜಗ್ಗು. ಆಮೇಲೆ ಕೈ ಮೇಲೆ ಕೈ ಹಾಕಿ ಎಳೆಯಿರಿ, ಮೀನು ಎಳೆದರೆ ದಾರ ಬಿಟ್ಟುಕೊಡಿ. ಐಸ್ ಮೇಲೆ ಬಿದ್ದ ದಾರ ಕಾಲಿಗೆ ಸಿಗಬಾರದು, ತೂತಿನ ಚೂಪು ಅಂಚಿಗೂ ಉಜ್ಜಬಾರದು.

ಮೀನು ಹೊರಗೆ ಬಂದ ಕೂಡಲೇ ಹೊಸ ಮರಿ ಸಿಕ್ಕಿಸಿ ಗುರುತು ಹಾಕಿದ ಗುಂಡಿಯವರೆಗೆ ದಾರ ಇಳಿಸಿ. ಫೋಟೋ ಆಮೇಲೆ ತೆಗೆದರಾಯಿತು. ವಾಲೈ ಗುಂಪಾಗಿ ಬರುತ್ತದೆ, ಇನ್ನೊಂದು ಅಲ್ಲೇ ಕೆಳಗಿರಬಹುದು.