ಕಡಲತೀರದಿಂದ ಲೇಹ್‌ಗೆ: ಮೊದಲ ಎರಡು ದಿನ ಸುಮ್ನೆ ಕೂತೆವು

ಕಾರವಾರದ ನಮ್ಮ ಮನೆಯಿಂದ ಕಡಲಿಗೆ ಹತ್ತು ನಿಮಿಷದ ದಾರಿ. ಲಡಾಖಿನ ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಸಂಜೆ ಗೋವಾದಲ್ಲಿ ವಿಮಾನ ಹತ್ತಿದ ನಾವು ದೆಹಲಿ ಮೂಲಕ ಮರುದಿನ ಬೆಳಿಗ್ಗೆ ಅಲ್ಲಿ ಇಳಿದಿದ್ದೆವು. ಅಲ್ಲಿ ಗಾಳಿಯ ಒತ್ತಡ ನಮ್ಮೂರಿನ ಮೂರರಲ್ಲಿ ಎರಡು ಪಾಲು. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟು ಕಡಿಮೆ. ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ದಿನಗಳು ಬೇಕು.

ಹೊರಡುವ ಮೊದಲು ವೈದ್ಯರನ್ನು ಕಂಡೆವು. ಎತ್ತರದ ಜಾಗದಲ್ಲಿ ಬರುವ ತಲೆನೋವು, ವಾಂತಿಯ ಕಾಯಿಲೆ ತಡೆಯಲು ಅಸೆಟಜೋಲಮೈಡ್ ಎಂಬ ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ 125, ಸಂಜೆ 125 ಮಿಲಿಗ್ರಾಂ, ಲೇಹ್‌ಗೆ ಹೋಗುವ ಹಿಂದಿನ ದಿನದಿಂದಲೇ. ಇದು ಸಲ್ಫಾ ಜಾತಿಯದು, ಅಂಥ ಔಷಧಿ ನಮಗೆ ಆಗಿಬರುತ್ತದೋ ಇಲ್ಲವೋ ಎಂದು ಮೊದಲು ಕೇಳಿದರು. ಹಾಗಾಗಿ ಯಾರದೋ ಮಾತು ಕೇಳಿ ಇದನ್ನು ಅಂಗಡಿಯಲ್ಲಿ ಕೊಂಡು ನುಂಗಬೇಡಿ. ನನಗೆ ಬೆರಳ ತುದಿ ಜುಮುಜುಮು ಎನ್ನುತ್ತಿತ್ತು, ಮೂತ್ರಕ್ಕೆ ಪದೇಪದೇ ಏಳಬೇಕಾಗುತ್ತಿತ್ತು. ಇಷ್ಟು ಮಾಮೂಲಿ ಅಂತೆ. ಪಕ್ಕದ ಮನೆಯವರು ಮೂಸಲು ಕರ್ಪೂರ ಕಟ್ಟಿಕೊಟ್ಟಿದ್ದರು. ಅವರ ಪ್ರೀತಿ ದೊಡ್ಡದು, ಆದರೆ ಕರ್ಪೂರ ಆಮ್ಲಜನಕ ಹೆಚ್ಚಿಸುವುದಿಲ್ಲ.

ಜೊತೆಗಿದ್ದ ಶಿರಸಿಯ ಅಳಿಯನಿಗೆ 24 ವರ್ಷ. ವಾಲಿಬಾಲ್ ಆಡುವವ, ಗಟ್ಟಿಮುಟ್ಟು. ಮಾತ್ರೆ ಬೇಡ ಅಂದ. ನಾನೂ ನನ್ನವಳೂ ರಜಾಯಿ ಹೊದ್ದು ಮಲಗಿದ್ದರೆ, ಅವನು ಲೇಹ್‌ನಲ್ಲಿ ಇಳಿದ ದಿನವೇ ಮಧ್ಯಾಹ್ನ ಅಲ್ಲಿನ ಶಾಂತಿ ಸ್ತೂಪದ 500ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಬಂದ. ರಾತ್ರಿ ಊಟ ಬೇಡ ಅಂದಾಗಲೇ ನನಗೆ ಅನುಮಾನ. ಕೇಳಿದರೆ, "ಎಂಥದೂ ಇಲ್ಲ ಮಾವ, ನಿದ್ದೆ ಇಲ್ಲ ಅಷ್ಟೇ" ಅಂದ. ಹನ್ನೊಂದಕ್ಕೆ ವಾಂತಿ. ಆಮೇಲೆ ಒಪ್ಪಿಕೊಂಡ, ಸಂಜೆಯಿಂದಲೇ ತಲೆ ಸಿಡಿಯುತ್ತಿತ್ತಂತೆ.

ದೇಹ ಗಟ್ಟಿ ಇದ್ದ ಮಾತ್ರಕ್ಕೆ ಎತ್ತರದ ಕಾಯಿಲೆ ಬಿಡುವುದಿಲ್ಲ. ಅದನ್ನು ಮುಚ್ಚಿಡುವುದೆಂದರೇ ನನಗೆ ಜಾಸ್ತಿ ಭಯ. ನೆಲದ ಹಾಸುಗಲ್ಲಿನ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಅವನನ್ನು ನಡೆಸಿದೆ. ಕಾಲು ತಪ್ಪಲಿಲ್ಲ, ಮಾತು ತೊದಲಲಿಲ್ಲ, ಕೂತಲ್ಲಿ ಏದುಸಿರೂ ಇರಲಿಲ್ಲ. ಈ ಮೂರರಲ್ಲಿ ಒಂದು ಕಂಡಿದ್ದರೂ ಬೆಳಗಿಗೆ ಕಾಯುತ್ತಿರಲಿಲ್ಲ. ಆಗ ಮಿದುಳಲ್ಲೋ ಶ್ವಾಸಕೋಶದಲ್ಲೋ ನೀರು ತುಂಬುತ್ತಿರಬಹುದು. ತಕ್ಷಣ ಆಮ್ಲಜನಕ ಕೊಡಿಸಬೇಕು, ಕೆಳಗಿಳಿಸಬೇಕು.

ಮರುದಿನ ಅವನು ಹಾಸಿಗೆ ಬಿಡಲಿಲ್ಲ. ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿಯ ರಸ, ಆಗಾಗ ಬಿಸಿನೀರು. ಮದ್ಯ, ನಿದ್ದೆಮಾತ್ರೆ ಯಾರೂ ಮುಟ್ಟಲಿಲ್ಲ, ಅವು ಉಸಿರಾಟವನ್ನೇ ನಿಧಾನ ಮಾಡುತ್ತವೆ. ತಲೆನೋವು ಪೂರ್ತಿ ಇಳಿಯುವವರೆಗೆ ಮೇಲೆ ಹೋಗುವುದಿಲ್ಲ ಅಂತ ಡ್ರೈವರಿಗೆ ಹೇಳಿ, ಒಂದು ದಿನ ಮುಂದೆ ಹಾಕಿದೆವು. ಆ ದಿನದ ಬಾಡಿಗೆ ಹೋಯಿತು, ಹೋಗಲಿ.

ಮುಂದಿನ ಲೆಕ್ಕವೆಲ್ಲ ರಾತ್ರಿ ಎಲ್ಲಿ ಮಲಗುತ್ತೇವೆ ಅನ್ನುವುದರ ಮೇಲೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು. ದಾರಿಯ ಖರ್ದುಂಗ್ ಲಾ ಘಟ್ಟ 5,359 ಮೀಟರ್, ಆದರೆ ಅದನ್ನು ದಾಟಿ ಇಳಿದರೆ ಸಿಗುವ ನುಬ್ರಾ ಕಣಿವೆ ಲೇಹ್‌ಗಿಂತ ಕೆಳಗಿದೆ. ಅಲ್ಲಿ ತಂಗಿದೆವು. ಪ್ಯಾಂಗಾಂಗ್ ಸರೋವರ 4,200 ಮೀಟರಿಗೂ ಮೇಲೆ, ಅದಕ್ಕೇ ಲೇಹ್‌ಗೆ ಮರಳಿ, ಅಲ್ಲಿಂದ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದೆವು.

ಖರ್ದುಂಗ್ ಲಾದಲ್ಲಿ ಹದಿನೈದೇ ನಿಮಿಷ ನಿಂತೆವು. ಶಿರಸಿಯಿಂದ ತಂದ ಬಾಳೆಕಾಯಿ ಚಿಪ್ಸ್ ಪ್ಯಾಕೆಟ್ ದಿಂಬಿನಂತೆ ಉಬ್ಬಿತ್ತು. ಅಳಿಯ ಅದನ್ನು ಒತ್ತಿ ನೋಡಿ, "ಮಾವ, ತಲೆ ಸ್ವಲ್ಪ ಭಾರ ಆಯ್ತು, ಇಳಿಯೋಣ" ಅಂದ. ಈ ಸಲ ಕೇಳುವ ಮೊದಲೇ ಹೇಳಿದ.